ಕೂಸುಗಳ ಕೋಣೆಯಿಂದ ಸರ್ವಾಂಗವನ್ನು ಕಿತ್ತ ದಿನ

ವಿಜಯಪುರ
30 ಫೆಬ್ರವರಿ 2143

ನನ್ನ ಮುತ್ತಜ್ಜಿಯ ಕಾಲದವರಿಗೆ ನೀಲಾಂಬಿಕಾ ಹಂಚಿನಾಳ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಕ್ಯಾಲೆಂಡರು ತಿದ್ದುಪಡಿಯಾಗಿ ಫೆಬ್ರವರಿಗೂ ಮೂವತ್ತು ದಿನ ಸಿಕ್ಕು ಹನ್ನೊಂದು ವರ್ಷವಾಯಿತು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನೀವು ಆಪರೇಟಿಂಗ್ ಸಿಸ್ಟಮ್ ಎನ್ನುವುದನ್ನು ನಾವು ಒಡಲು ಎನ್ನುತ್ತೇವೆ.

ಇಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೆಂಟು ವರ್ಷಗಳಿಂದ ಕಂಪ್ಯೂಟರುಗಳನ್ನು ನೋಡಿಕೊಂಡವಳು ನಾನು. ಕೆಲಸಕ್ಕೆ ಸೇರಿದಾಗ ಐದಾರು ಒಡಲುಗಳಿದ್ದವು. ಬರಬರುತ್ತ ಸರ್ವಾಂಗ ಎಂಬುದೊಂದೇ ಉಳಿಯಿತು. ಬಾಗಿಲ ಬೀಗ, ಲಿಫ್ಟು, ಔಷಧಿಯ ಕಪಾಟು, ಅಡುಗೆಮನೆಯ ಒಲೆ, ಎಲ್ಲದರೊಳಗೂ ಅದೇ. ಮೊದಲು ಅದನ್ನು ಹೊಗಳಿ ತಂದವಳೂ ನಾನೇ. ಆಮೇಲೆ ಅದು ತಿಂಗಳಿಗೊಮ್ಮೆ ಪರದೆಯ ಮೇಲಿನ ಗುಂಡಿಗಳ ಜಾಗ ಬದಲಿಸತೊಡಗಿತು. ನರ್ಸುಗಳು ನಿನ್ನೆ ಕಲಿತದ್ದನ್ನು ಇಂದು ಹುಡುಕುತ್ತ ನಿಲ್ಲುತ್ತಿದ್ದರು. ಸುಧಾರಣೆ ಮಾಡಲೇ ಎಂದು ಅದು ಕೇಳಿದಾಗ ಒತ್ತುವ ‘ಬೇಡ’ ಎಂಬ ಗುಂಡಿ ಮಾಯವಾಗಿ ‘ಈಗ’, ‘ಆಮೇಲೆ’ ಎರಡೇ ಉಳಿದವು. ಒಂದು ದಿನ ‘ಆಮೇಲೆ’ಯೂ ಹೋಯಿತು. ನಲವತ್ತೊಂದು ದೂರು ಬರೆದೆ. ನಿಮ್ಮ ಅನುಭವವನ್ನು ಉತ್ತಮಗೊಳಿಸುತ್ತಿದ್ದೇವೆ ಎಂದು ನಲವತ್ತೊಂದು ಉತ್ತರ ಬಂದವು. ಊಟಕ್ಕೆ ಕೂತಾಗಲೂ ನಾನು ಅದನ್ನೇ ಬೈಯುವುದನ್ನು ಕೇಳಿ ಕೇಳಿ ನನ್ನ ಗಂಡ ತಟ್ಟೆ ಹಿಡಿದು ಪಡಸಾಲೆಗೆ ಎದ್ದುಹೋಗುತ್ತಿದ್ದರು.

ನನ್ನ ಜೊತೆ ಕೆಲಸ ಮಾಡುವ ಮೆಹಬೂಬಸಾಬರು ಮೂಲೆಯ ಹಳೇ ಯಂತ್ರದಲ್ಲಿ ‘ಹಗೂರ’ ಎಂಬ ಚಿಕ್ಕ ಒಡಲೊಂದನ್ನು ರಿಪೇರಿ ಮಾಡಿಕೊಂಡಿದ್ದರು. ಅದನ್ನು ಬಳಸುವಂತಿರಲಿಲ್ಲ. ಬೇರೆ ಒಡಲು ಹಾಕಿದವರ ನೌಕರಿ ಹೋಗುತ್ತದೆಂದು ಸರ್ವಾಂಗದ ಕಂಪನಿಯೊಡನೆ ಮಾಡಿಕೊಂಡ ಕರಾರಿನಲ್ಲಿತ್ತು.

ಹೋದ ವರ್ಷ ಒಂದು ಸೋಮವಾರ, ಬೆಳಗಿನ ಹನ್ನೊಂದಕ್ಕೆ, ಸಿಸ್ಟರ್ ಎಸ್ತೇರಮ್ಮ ಓಡಿ ಬಂದರು.

“ಅಕ್ಕಾರ, ಕೂಸುಗಳ ಪೆಟ್ಟಿಗಿ ಎಲ್ಲಾ ನಿಂತಾವ! ಸುಧಾರಣಿ ನಡದದ, ನಲವತ್ತ ನಿಮಿಷ ಕಾಯ್ರಿ ಅಂತ ತೋರಸ್ತದ!”

ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳವು. ಒಳಗೆ ನಾಲ್ಕು ಕೂಸುಗಳಿದ್ದವು. ನಾವು ಹೋಗುವಷ್ಟರಲ್ಲಿ ಮೂವರು ತಾಯಂದಿರು ತಮ್ಮ ತಮ್ಮ ಕೂಸನ್ನು ಎದೆಗವಚಿಕೊಂಡಿದ್ದರು. ನಾಲ್ಕನೆಯದನ್ನು ಎತ್ತುವಂತಿರಲಿಲ್ಲ, ನರ್ಸೊಬ್ಬಳು ರಬ್ಬರ್ ಚೀಲ ಒತ್ತುತ್ತ ಅದಕ್ಕೆ ಉಸಿರು ಕೊಡುತ್ತಿದ್ದಳು. ಪರದೆಯ ಮೇಲೆ ಹೂವೊಂದು ನಿಧಾನವಾಗಿ ಅರಳುತ್ತಿತ್ತು.

“ಹಗೂರ ಹಚ್ಚೂಣೇನ್ರಿ ಬಾಯಾರ? ನೌಕರಿ ಹೋದೀತು” ಅಂದರು ಮೆಹಬೂಬಸಾಬರು.

“ಹೋಗ್ಲಿ. ಹಚ್ರಿ.”

ಆರು ನಿಮಿಷ ಹಿಡಿಯಿತು. ಕಪ್ಪು ಪರದೆಯ ಮೇಲೆ ಬಿಳಿ ಅಂಕಿಗಳು ಮೂಡಿದವು: ಶಾಖ, ಉಸಿರು, ನಾಡಿ. ಮತ್ತೇನೂ ಇಲ್ಲ. ಪೆಟ್ಟಿಗೆ ಗುಂಯ್ ಎಂದು ಬೆಚ್ಚಗಾಗತೊಡಗಿತು.

“ನಮಗ ಇಷ್ಟ ಸಾಕಲ್ರಿ” ಎಂದು ಎಸ್ತೇರಮ್ಮ ನೆಲದ ಮೇಲೇ ಕೂತು ಅತ್ತರು.

ಮಧ್ಯಾಹ್ನ ಮುಖ್ಯ ವೈದ್ಯ ಜಂಬಗಿಯವರು ಬಂದು ಕೇಳಿದರು: “ಯಾರ ಒಪ್ಪಿಗಿ ಮ್ಯಾಲ ಮಾಡೀರಿ?”

“ನನ್ನ ಒಪ್ಪಿಗಿ ಮ್ಯಾಲ್ರಿ.”

ಅವರು ಬಗ್ಗಿ ಪೆಟ್ಟಿಗೆಯೊಳಗಿನ ಕೂಸನ್ನೂ ಪರದೆಯ ಅಂಕಿಗಳನ್ನೂ ನೋಡಿದರು. “ಬರದ ಇಡ್ರಿ. ಕೆಳಗ ನಂದೂ ಸಹಿ ಹಾಕ್ತೀನಿ.”

ಸರ್ವಾಂಗದವರ ನೋಟೀಸು ಬಂತು. ಅದರ ಹಿಂದೆಯೇ ಇಪ್ಪತ್ತಮೂರು ಆಸ್ಪತ್ರೆಗಳ ಪತ್ರಗಳೂ ಬಂದವು: ನಮಗೂ ಹಗೂರ ಕಳಿಸಿ ಎಂದು. ಅಷ್ಟೂ ಆಸ್ಪತ್ರೆಗಳು ಕೈಬಿಟ್ಟಾವೆಂಬ ಭಯಕ್ಕೆ ನೋಟೀಸು ತಾನಾಗಿ ವಾಪಸಾಯಿತು. ನಾಲ್ಕನೆಯ ಕೂಸು ಈಗ ಗೋಡೆ ಹಿಡಿದು ನಡೆಯುತ್ತದಂತೆ. ನನಗೂ ವರ್ಷಗಳ ಮೇಲೆ ಊಟ ರುಚಿಸುತ್ತಿದೆ.

ನಾಳೆ ನಿವೃತ್ತಳಾಗುತ್ತೇನೆ. ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಕಚೇರಿಯ ಮೂಲೆಯಲ್ಲಿ ಯಾರಾದರೂ ಒಬ್ಬರು, ಯಾರಿಗೂ ಬೇಡವಾದ ಚಿಕ್ಕ ಒಡಲೊಂದನ್ನು ರಿಪೇರಿ ಮಾಡುತ್ತ ಕೂತಿರಬಹುದು. ಅವರನ್ನು ನೋಡಿ ನಗಬೇಡಿ. ಒಂದು ಮೇಜು, ಒಂದು ಫ್ಯಾನು ಕೊಡಿ.

ಇನ್ನು ಯಂತ್ರ ಆರಿಸುತ್ತೇನೆ. ಸರ್ವಾಂಗವಿದ್ದಾಗ ಅದರ ಸುಧಾರಣೆ ಮುಗಿಯುವವರೆಗೆ ಆರುತ್ತಿರಲಿಲ್ಲ; ಈಗೆಲ್ಲ ಆರಿಸಿದ ಕೂಡಲೇ ಆರುತ್ತದೆ. ಇದರಲ್ಲೇನು ವಿಶೇಷ ಎಂದು ನಿಮಗನ್ನಿಸಿದರೆ, ಹಾಗೆಯೇ ಅನ್ನಿಸುತ್ತಿರಲಿ.

ನಿಮ್ಮ,
ನೀಲಾಂಬಿಕಾ