ಚಹಾ ಕುಡಿದ ಕಲ್ಲು

ನವೆಂಬರ್ 10, ಆದಿತ್ಯವಾರ
ಇವತ್ತೂ ಕೆಂಪುಕಲ್ಲು ಒಡೆದೆ. ಬಿಸ್ಕಿಟಿನ ಹಾಗೆ ಪುಡಿ. ಕರಿಕಲ್ಲು — ಕಲ್ಲಿಗೆ ಏನೂ ಆಗಲಿಲ್ಲ, ಹೆಬ್ಬೆರಳಿಗೆ ಆಯಿತು. ಆದಿಮಾನವನ ಬಗ್ಗೆ ಗೌರವ ಹೆಚ್ಚಿದೆ.
ಅಕ್ಕ ಜಸ್ನಾ ಬಾಗಿಲಲ್ಲಿ ನಿಂತು, "ಎಂತ ಮಾರಾಯ, ಕಲ್ಲುಕೋರೆ ಶುರು ಮಾಡಿದ್ದಾ?"
"ಸೇಡಿನ ಕೆಲಸ. ಮಧ್ಯೆ ಮಾತಾಡಬಾರದು."
"ಮೊದಲು ಆ ಚೂರು ಗುಡಿಸು. ಉಮ್ಮನ ಕಾಲಿಗೆ ಚುಚ್ಚಿದರೆ ಸೇಡು ನಿನ್ನ ಮೇಲೇ ತೀರ್ತದೆ."
ದಾಖಲೆಗಾಗಿ ಬರೆದಿಡುತ್ತೇನೆ. ಕಕ್ಕಿಂಜೆಯ ತೋಡಿನ ಮರಳಲ್ಲಿ ಆದಿಮಾನವನ ಬೆಣಚುಕಲ್ಲಿನ ಆಯುಧ ಸಿಕ್ಕಿದ್ದು ನನಗೆ. ಮೇ ತಿಂಗಳಲ್ಲಿ. ನಮಗೆ ಚರಿತ್ರೆ ಪಾಠ ಮಾಡುವ ಮನೀಷ್ ಸರ್‌ಗೆ ಎರಡೂ ಕೈಯಲ್ಲಿ ಕೊಟ್ಟೆ. ಪೇಪರಿನಲ್ಲಿ ಬಂತು: 'ಉಪನ್ಯಾಸಕರ ಅಪೂರ್ವ ಶೋಧ'. ಫೋಟೋ ಅವರದ್ದು. ಕೇಳಿದರೆ, "ನೀನು ಕೊಟ್ಟದ್ದು ಬೇರೆ ಯಾವುದೋ ಇರಬೇಕು ಬಾಸಿತ್."
ಬೇರೆ ಯಾವುದೋ! ಸರಿ ಸರ್. ಬೇರೆ ಯಾವುದೋ ಕೊಡ್ತೇನೆ.

ನವೆಂಬರ್ 24
ನರಿಕೊಂಬಿಗೆ ಹೋದೆ. ಹೊಳೆ ಇಳಿದಿದೆ. ಎರಡು ಚೀಲ ಬೆಣಚುಕಲ್ಲು ಆರಿಸಿದೆ. ತಟ್ಟಿ ನೋಡಬೇಕು — ಬಿರುಕಿದ್ದರೆ ಸತ್ತ ಸದ್ದು, ಗಟ್ಟಿಯಾದರೆ ಟಣ್.
ಬಸ್ಸಿನಲ್ಲಿ ಕಂಡಕ್ಟರ್: "ಚೀಲದಲ್ಲಿ ಎಂತ ಉಂಟು?"
"ಭಾರತದ ಇತಿಹಾಸ."
ಲಗೇಜ್ ಟಿಕೆಟ್ ಹರಿದ.

ಡಿಸೆಂಬರ್ 8
ಕೈಯಲ್ಲಿ ಹಿಡಿದು ಹೊಡೆದರೆ ಬೇಕಾದಲ್ಲಿ ಒಡೆಯುವುದಿಲ್ಲ. ಹದಿನೇಳು ಕಲ್ಲು ಹಾಳು. ಬೇಸರದಲ್ಲಿ ಹಿತ್ತಿಲಲ್ಲಿ ಮರದಿಂದ ಉದುರಿದ ಬಾದಾಮಿಕಾಯಿ ಕುಟ್ಟುತ್ತಾ ಕೂತೆ — ಕೆಳಗೊಂದು ಕಲ್ಲು, ಮೇಲಿಂದ ಗುಂಡುಕಲ್ಲು. ಆಗ ಹೊಳೆಯಿತು. ಬಾದಾಮಿಯ ಜಾಗದಲ್ಲಿ ಬೆಣಚುಕಲ್ಲು ನಿಲ್ಲಿಸಿದೆ. ನೇರ ಏಟು. ಸೀಳಿತು! ಉದ್ದ ಚಕ್ಕೆ, ಬ್ಲೇಡಿನಂಥ ಅಂಚು.
ಬಾದಾಮಿ ಎಂದರೆ... ಬರೆಯಬೇಕೋ ಬೇಡವೋ. ಯಾರೂ ಓದುವುದಿಲ್ಲವಲ್ಲ. ಅಸಲಿ ಕಲ್ಲು ಸಿಕ್ಕಿದ ದಿನ, ಏನೆಂದು ಗೊತ್ತಿಲ್ಲದೆ, ಅದರಲ್ಲೇ ಬಾದಾಮಿ ಕುಟ್ಟಿದ್ದೆ. ಒಂದು ಚಕ್ಕೆ ಹಾರಿತು. ತೊಳೆದು ನೋಡಿದಾಗಲೇ ಗೊತ್ತಾದದ್ದು, ಸುತ್ತ ಯಾರೋ ಕೈಯಿಂದ ಕೆತ್ತಿದ ಅಂಚು. ಸಾವಿರಾರು ವರ್ಷ ಉಳಿದದ್ದನ್ನು ಒಡೆದವನು ನಾನು. ಚಕ್ಕೆ ಅತ್ತರಿನ ಡಬ್ಬಿಯಲ್ಲಿ ಉಂಟು. ತೋರಿಸಿದರೆ ಸಿಕ್ಕಿದ್ದು ನನಗೆ ಎಂದು ಸಾಬೀತು. ಒಡೆದದ್ದೂ ಸಾಬೀತು.
ಸರ್ ಮಾತ್ರ ಆ ಒಡೆದ ಮೂಲೆಯನ್ನೇ 'ಆದಿಮಾನವನ ಕೌಶಲ' ಎಂದು ಅರ್ಧ ಪುಟ ಬರೆದಿದ್ದಾರೆ.

ಡಿಸೆಂಬರ್ 21, ಶನಿವಾರ
ಕೊನೆಗೂ ಕೆತ್ತಿ ಮುಗಿಸಿದ ನಕಲಿ ಆಯುಧವನ್ನು ಉಮ್ಮನ ಚಹಾದಲ್ಲಿ ಮೂರು ದಿನ ನೆನೆಸಿದೆ. ಪುರಾತನ ಬಣ್ಣ ಬಂತು. ಸರ್ ಈಗ ಶನಿವಾರ ಶನಿವಾರ ತೋಡು ಹುಡುಕ್ತಾರೆ. ಅವರಿಗಿಂತ ಮೊದಲೇ ಹೋಗಿ, ಮರಳಲ್ಲಿ ಅರ್ಧ ಹೂತು, ತಲೆಬಾಗಿ ಬೀಳ್ಕೊಟ್ಟೆ.

ಡಿಸೆಂಬರ್ 23
ಪೇಪರು: 'ಕಕ್ಕಿಂಜೆಯಲ್ಲಿ ಎರಡನೇ ಆಯುಧ ಪತ್ತೆ'. ಅಲ್‌ಹಮ್ದುಲಿಲ್ಲಾಹ್.

ಜನವರಿ 18, ಮೂಡುಬಿದಿರೆ. ಮಧ್ಯಾಹ್ನ 3:10
ಸರ್ ತಮ್ಮ ಎರಡೂ ಆಯುಧ ತೋರಿಸುವ ಚರಿತ್ರೆ ಸಮ್ಮೇಳನ. ಸಭಾಂಗಣದ ಹಿಂದಿನ ಮೆಟ್ಟಿಲು. ಬೇಗ ಬರೆಯಬೇಕು.
ಮೈಸೂರಿನಿಂದ ಬಂದ ತಜ್ಞೆ ಜ್ಯೋತ್ಸ್ನಾ ಮೇಡಂ ನಕಲಿಯ ಬಿರುಕಿಗೆ ಸೂಜಿ ಹಾಕಿ ಒಂದು ಕಣ ತೆಗೆದರು. "ಚಹಾಪುಡಿ. ಇದಕ್ಕೆ ಚಹಾ ಕುಡಿಸಿದ್ದು ಯಾರು?"
ಮನೀಷ್ ಸರ್ ಬೆವರಲೂ ಇಲ್ಲ. "ಅದು ಬಾಸಿತ್ ಎಂಬ ವಿದ್ಯಾರ್ಥಿ ತಂದುಕೊಟ್ಟದ್ದು ಮೇಡಂ. ಮೊದಲನೆಯದು ಮಾತ್ರ ನನ್ನ ಶೋಧ."
ನನ್ನ ಹೆಸರು. ಮೈಕಿನಲ್ಲಿ. ನಕಲಿಗೆ!
ಮೇಡಂ ಅಸಲಿಯನ್ನು ತಿರುಗಿಸಿದರು. "ಇದು ಹಳೆಯದೇ. ಆದರೆ ಈ ಮೂಲೆ ಈಚೆಗೆ ಒಡೆದದ್ದು."
"ಅದು ಆದಿಮಾನವನ ಕೌಶಲ," ಸರ್.
ಎದ್ದೆ. ಡಬ್ಬಿ ಮೇಡಂ ಕೈಗೆ ಕೊಟ್ಟೆ. ಚಕ್ಕೆ ಇಟ್ಟು ನೋಡಿದರು. ಕೂತಿತು. ಕೂದಲೆಳೆಯಷ್ಟೂ ಸಂದಿಲ್ಲ.
"ಒಡೆದದ್ದು ಯಾರು?"
"ನಾನೇ ಮೇಡಂ. ಸಿಕ್ಕಿದ ದಿನ. ಬಾದಾಮಿ ಕುಟ್ಟುವಾಗ."
ಸಭೆ ಬಿದ್ದು ಬಿದ್ದು ನಕ್ಕಿತು. ಮೇಡಂ ನಗಲಿಲ್ಲ. "ಎಂಥ ಕೆಲಸ ಮಾಡಿದೆಯಪ್ಪಾ," ಎಂದು ಕಲ್ಲನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡರು. ಆ ಮಾತು ನನಗೆ ಚುಚ್ಚಿತು. ಈಗಲೂ ಚುಚ್ಚುತ್ತಿದೆ.
ಆದರೆ ಸರ್ ಮುಖ! ಸುಣ್ಣ. ಅರ್ಧ ಪುಟ ಕೌಶಲ, ಒಂದು ಬಾದಾಮಿ. ಆಹಾ.
ಇತ್ತಲೇ ಬರ್ತಿದ್ದಾರೆ. ಕೈಯಲ್ಲಿ ನನ್ನ ನಕಲಿ. ಅಂಚು ಹರಿತ ಉಂಟು ಸರ್, ಜಾಗ್ರತೆ — ಎಂದು ಹೇಳಬೇಕು. ಹೇಳುವುದಿಲ್ಲ. ಮುಷ್ಟಿ ಬಿಗಿ ಮಾಡ್ತಿದ್ದಾರೆ... ಇನ್ನೂ ಬಿಗಿ...