ಅತ್ತೆಯ ಮಂಚ

ಮಾರ್ಚ್ 12, ಬುಧವಾರ

ಬಾಡಿಗೆಗೆ ಕೊಟ್ಟ ಮನೆಗಳ ತೆರಿಗೆ ಕಟ್ಟದಿದ್ದರೆ ಸಾಮಾನು ಜಪ್ತಿ ಮಾಡುತ್ತೇವೆಂದು ಅತ್ತೆಯ ಹೆಸರಿಗೆ ನೋಟಿಸ್ ಬಂದಿತ್ತು. ಬೆಳಿಗ್ಗೆ ನಾನೇ ಕಚೇರಿಗೆ ಹೋಗಿ ಉತ್ತರ ಕೊಟ್ಟೆ. ಕಂತಿನಲ್ಲಿ ಕಟ್ಟಿದರೆ ಸಾಕೆಂದು ಅಲ್ಲಿಯವರು ಒಪ್ಪಿದರು, ಜಪ್ತಿ ಇಲ್ಲ. ಓದು ಬಾರದ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು.

"ಏನಂದ್ರಮ್ಮ ನಯನಾ? ನನ್ ಮಂಚನೂ ಒತ್ಕೊಂಡ್ ಓಯ್ತಾರಾ?"

"ಅದನ್ನೇ ಮೊದ್ಲು ತಗೊಂಡು ಹೋಗೋದು, ಅತ್ತೆ."

ನನ್ನ ಅಪ್ಪ ಸತ್ತ ದಿನ, ನೆಂಟರ ಊಟ ಮುಗಿಯುವವರೆಗೂ ಸುದ್ದಿ ಮುಚ್ಚಿಟ್ಟು ನನ್ನಿಂದ ಅಡುಗೆ ಮಾಡಿಸಿದವರು ಇವರೇ. ಇವತ್ತು ಸೀರೆಗಳನ್ನೆಲ್ಲ ಗಂಟು ಕಟ್ಟಿ, ಪಕ್ಕದ ಮನೆಯವರಿಗೆ ಕೇಳಿಸಬಾರದೆಂದು ಕಿಟಕಿ ಮುಚ್ಚಿಕೊಂಡು ಅತ್ತರು. ಬಡಿಸಿದ ಅನ್ನ ಮುಟ್ಟಲಿಲ್ಲ. ನನಗೆ ಚೆನ್ನಾಗಿ ಹಸಿವಾಗಿತ್ತು. ಎರಡು ಸಲ ಬಡಿಸಿಕೊಂಡು ಉಂಡೆ.

ನಾಳೆ ನಿಜ ಹೇಳಿಬಿಡಬೇಕು. ಶನಿವಾರ ಹೇಳಿದರೂ ಆಗುತ್ತದೆ.