ಹಿರಿಯರು ಉಣ್ಣುವ ಹೊತ್ತು

ಚಂದಾಪುರ
28-9-1984

ಪ್ರೀತಿಯ ಅಂಜನಮ್ಮ ಅತ್ತಿಗೆಗೆ, ನಿನ್ನ ನಾದಿನಿ ಭದ್ರಮ್ಮ ಮಾಡುವ ನಮಸ್ಕಾರ. ಪುಟ್ಟಿಗೆ ನನ್ನ ಮುತ್ತು.

ಅವ್ವ ಪಕ್ಕದಲ್ಲೇ ಕುಳಿತು ರಾಗಿ ಕೇರುತ್ತಾ, ಈ ಕಾಗದದಲ್ಲಿ ಏನೇನು ಬರೆಯಬೇಕೆಂದು ಹೇಳುತ್ತಿದ್ದಾಳೆ. ಅವಳ ಮಾತನ್ನು ಮೊದಲು ಬರೆದು ಮುಗಿಸುತ್ತೇನೆ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಗಂಡ ರಾಮಾಂಜಿನಪ್ಪ ಆಸ್ಪತ್ರೆಯಿಂದ ಪೂರ್ತಿ ಗುಣವಾಗಿ ಬಂದಿದ್ದಾನೆ, ದಿನಾ ಡ್ಯೂಟಿಗೆ ಹೋಗುತ್ತಿದ್ದಾನೆ. ಹಿರಿಯರ ಹಬ್ಬ ಚೆನ್ನಾಗಿ ಆಯಿತು. ನೀನು ಆಯುಧಪೂಜೆಗೆ ಮೊದಲೇ ಮಗುವನ್ನು ಕರೆದುಕೊಂಡು ಮಾಕಳಿಯಿಂದ ಹೊರಟು ಬರಬೇಕು.

ಇಷ್ಟರಲ್ಲಿ ಹಬ್ಬ ಆಯಿತು ಎನ್ನುವುದೊಂದು ನಿಜ. ಮಿಕ್ಕಿದ್ದನ್ನು ನಂಬಬೇಡ ಅತ್ತಿಗೆ. ಅವ್ವನಿಗೆ ಓದಲು ಬಾರದಿರುವುದು ಇವತ್ತು ನನಗೆ ಉಪಕಾರವಾಗಿದೆ. ನಾನು ತಲೆ ಬಗ್ಗಿಸಿ ಬರೆಯುತ್ತಲೇ ಇದ್ದೇನೆ, ಅವಳು ನನ್ನನ್ನೇ ನೋಡುತ್ತಾ ಮೊರ ಆಡಿಸುತ್ತಿದ್ದಾಳೆ.

ನಿನ್ನ ಕಾಗದದಲ್ಲಿ ನೀನು ಕೇಳಿದ್ದು ಒಂದೇ ಮಾತು, ಬರಬಹುದೋ ಬಾರದೋ ನಿಜ ಹೇಳು ಎಂದು. ನಿನ್ನ ಅಮ್ಮನ ಮನೆಯಲ್ಲೂ ನಿನಗೆ ಮಾತು ಕೇಳಿ ಕೇಳಿ ಸಾಕಾಗಿದೆ ಎಂದು ಬರೆದಿದ್ದೆ. ಆದರೂ ಆತುರಪಡಬೇಡ. ಅಣ್ಣ ಕುಡಿದು ಸೈಕಲ್ ತುಳಿದು, ಹೊಸೂರು ರಸ್ತೆಯಲ್ಲಿ ಕ್ಯಾರಿಯರ್ ಮೇಲಿದ್ದ ಪುಟ್ಟಿಯನ್ನು ಲಾರಿಯ ಮುಂದೆ ಬೀಳಿಸಿದ್ದನ್ನು ನಾನು ಕಣ್ಣಾರೆ ನೋಡಿದವಳು. ಆ ಡ್ರೈವರ್ ಬ್ರೇಕ್ ಹಾಕದಿದ್ದರೆ ಇವತ್ತು ಯಾರಿಗೆ ಮುತ್ತು ಕಳಿಸುತ್ತಿದ್ದೆ? ನೀನು ಅವಳನ್ನು ಎತ್ತಿಕೊಂಡು ಮಾಕಳಿಗೆ ಹೋದದ್ದು ಸರಿಯೇ.

ಆಸ್ಪತ್ರೆಯಿಂದ ಬಂದ ಅಣ್ಣ ನಿಜಕ್ಕೂ ಬೇರೆಯೇ ಆಗಿದ್ದ. ಉಂಡ ತಟ್ಟೆಯನ್ನು ತಾನೇ ತೊಳೆದಿಡುತ್ತಿದ್ದ. ನಗಬೇಡ, ನಿಜವಾಗಿ ತೊಳೆಯುತ್ತಿದ್ದ, ಅಂಚಿನಲ್ಲಿ ಸಾರು ಹಾಗೇ ಅಂಟಿಕೊಂಡಿರುತ್ತಿತ್ತು ಅಷ್ಟೆ. ಹೊತ್ತು ಹೊತ್ತಿಗೆ ಟೀ ಕೇಳುತ್ತಿದ್ದ. ಕರೆದುಕೊಂಡು ಬರಲು ಹೋದ ದಿನ ಡಾಕ್ಟರು ನನ್ನನ್ನೂ ಅವ್ವನನ್ನೂ ಕೂರಿಸಿಕೊಂಡು, ಈ ಕುಡಿತ ಕೊಬ್ಬೂ ಅಲ್ಲ, ಯಾರೋ ಮಾಡಿಸಿದ ಮಾಟವೂ ಅಲ್ಲ, ಸಕ್ಕರೆ ಕಾಯಿಲೆಯ ಹಾಗೆ ಇದೂ ಒಂದು ಕಾಯಿಲೆ ಎಂದರು. ಮನೆಯಲ್ಲಿ ಒಂದು ತೊಟ್ಟೂ ಇಡಬೇಡಿ, ಆಣೆ ಹಾಕಿಸಬೇಡಿ, ಒಂದು ವೇಳೆ ಎಡವಿದರೆ ಮುಚ್ಚಿಡದೆ ಅವತ್ತೇ ಇಲ್ಲಿಗೆ ಕರೆದುಕೊಂಡು ಬನ್ನಿ ಎಂದೂ ಹೇಳಿದರು. ಅವ್ವ ಎಲ್ಲದಕ್ಕೂ ಹೂಂಗುಟ್ಟಿದಳು. ಬಸ್ಸು ಹತ್ತಿದ ಮೇಲೆ, ಮೀಸೆ ಸರಿಯಾಗಿ ಬಾರದ ಹುಡುಗ, ಅವನಿಗೇನು ಗೊತ್ತು ಎಂದಳು. ಮಾರನೆಯ ದಿನವೇ ಮುನೇಶ್ವರನ ಮುಂದೆ ಅಣ್ಣನ ಕೈಯಲ್ಲಿ ಕರ್ಪೂರ ಹಚ್ಚಿಸಿ ಆಣೆ ಹಾಕಿಸಿದಳು.

ಇನ್ನು ಹಬ್ಬದ ವಿಚಾರ. ನಮ್ಮ ಮನೆಯ ಹಟ ನಿನಗೆ ಗೊತ್ತು. ಸತ್ತವರಿಗೆ ಬದುಕಿದ್ದಾಗ ಯಾವುದು ಇಷ್ಟವೋ ಅದು ಎಡೆಗೆ ಬಂದೇ ಬರಬೇಕು. ಅಪ್ಪನಿಗೆ ಪ್ರತಿ ವರ್ಷ ಕೋಳಿ ಸಾರು, ಮುದ್ದೆ, ಕಜ್ಜಾಯ, ಒಂದು ಕಟ್ಟು ಬೀಡಿ, ಜೊತೆಗೆ ಒಂದು ಬಾಟ್ಲಿ ಬ್ರಾಂದಿ. ಹೊಲವೆಲ್ಲ ಎಲೆಕ್ಟ್ರಾನಿಕ್ ಸಿಟಿಗೆ ಹೋದ ಮೇಲೆ ಬೆಳಿಗ್ಗೆ ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಬ್ರಾಂದಿ ಅಂಗಡಿಗೆ ಹೋಗಿ ಕೂತವನು ಅಪ್ಪ. ಹೊಟ್ಟೆ ಊದಿಕೊಂಡು, ಕಣ್ಣು ಹಳದಿಯಾಗಿ ಸತ್ತ. ಅಂಥವನಿಗೆ ಸತ್ತ ಮೇಲೂ ಅದನ್ನೇ ಕುಡಿಸಬೇಕೇ ಎಂದು ನಾನು ಈ ಸಲ ಜಗಳ ತೆಗೆದೆ. ಅವ್ವನ ಕನಸಿನಲ್ಲಿ ಅಪ್ಪ ಬಂದಿದ್ದನಂತೆ. ಬಾಯಿ ಒಣಗುತ್ತಿದೆ ಪಿಳ್ಳಮ್ಮ ಎಂದನಂತೆ. ಅವ್ವ ಅಳುತ್ತಾ ಹೀಗೆ ಹೇಳಿದರೆ ನಾನು ಯಾರ ಹತ್ತಿರ ವಾದ ಮಾಡಲಿ? ಪಾಪಯ್ಯ ಚಿಕ್ಕಪ್ಪನನ್ನು ಕಳಿಸಿ ಬಾಟ್ಲಿ ತರಿಸಿಯೇ ಬಿಟ್ಟಳು.

ಎಡೆ ಮುಗಿದ ಮೇಲೆ ಹಿರಿಯ ಮಗ ಅದರಲ್ಲಿ ಒಂದು ಗುಟುಕು ಪ್ರಸಾದವೆಂದು ತೆಗೆದುಕೊಳ್ಳಬೇಕಲ್ಲ, ನನಗೆ ಹತ್ತಿದ್ದು ಅದರ ಯೋಚನೆ. ಬೇಡವೆಂದರೆ ಅವ್ವ ಬಿಡುವವಳಲ್ಲ, ನಾಲಿಗೆಗೆ ಸೋಕಿಸಿದರೆ ಅಣ್ಣ ಉಳಿಯುವುದಿಲ್ಲ. ಹಾಗಾಗಿ ಅವ್ವ ಕಜ್ಜಾಯ ಬೇಯಿಸುತ್ತಿದ್ದಾಗ ನಾನು ಆ ಬಾಟ್ಲಿಯನ್ನು ಬಚ್ಚಲಿಗೆ ಒಯ್ದು ಬ್ರಾಂದಿಯನ್ನೆಲ್ಲ ಸುರಿದೆ. ಹಾಲು ಹಾಕದ ಟೀ ಡಿಕಾಕ್ಷನ್ ಆರಿಸಿ ತುಂಬಿಸಿದೆ. ಬಣ್ಣ ಎರಡಕ್ಕೂ ಒಂದೇ. ಬಾಟ್ಲಿಯನ್ನು ಬೇಕೆಂದೇ ತೊಳೆಯಲಿಲ್ಲ, ಅವ್ವ ಮೂಸಿದರೂ ಅನುಮಾನ ಬರಬಾರದೆಂದು. ಬಹಳ ಜಾಣತನ ಮಾಡಿದೆ ಎಂದುಕೊಂಡೆ. ಅಣ್ಣನ ಕಿವಿಗೆ ಹಾಕಿಬಿಡಬೇಕೆಂದಿದ್ದೆ, ಆದರೆ ಅವನು ಸ್ನಾನಕ್ಕೆ ಹೋದ, ಅಷ್ಟರಲ್ಲಿ ಚಿಕ್ಕಪ್ಪನ ಮನೆಯವರೆಲ್ಲ ಬಂದರು.

ನಡುಮನೆಯಲ್ಲಿ ಅಪ್ಪನ ಫೋಟೋದ ಮುಂದೆ ಎಡೆ ಇಟ್ಟೆವು. ಅಣ್ಣ ಧೂಪ ಹಾಕಿ ಅಡ್ಡ ಬಿದ್ದ. ಏಳುವಾಗ ಅವನ ಕಣ್ಣು ಬಾಟ್ಲಿಯ ಮೇಲಿತ್ತು. ನಾನು ನೋಡಿದೆ, ನೋಡಿಯೂ ಟೀ ತಾನೇ ಎಂದು ನಿರಾಳವಾಗಿದ್ದೆ. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗಿನ ಜಗಲಿಗೆ ಬಂದೆವು. ಅವ್ವ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು. ಅಣ್ಣ ಸ್ವಲ್ಪ ಹೊತ್ತು ಚಿಕ್ಕಪ್ಪನ ಪಕ್ಕದಲ್ಲಿದ್ದ. ಆಮೇಲೆ ಕಾಗೆಗೆ ಅನ್ನ ಇಟ್ಟು ಬರುತ್ತೇನೆಂದು ಎಲೆ ಹಿಡಿದುಕೊಂಡು ಮನೆಯ ಪಕ್ಕದಿಂದ ಹಿತ್ತಿಲಿಗೆ ಹೋದ.

ಹಿತ್ತಿಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಡುಮನೆಗೆ ದಾರಿ ಇದೆ. ಇದು ನನಗೆ ಹೊಳೆಯುವ ಹೊತ್ತಿಗೆ ಕಾಗೆಗಳು ಹೆಂಚಿನ ಮೇಲೆ ಕಿತ್ತಾಡುವುದು ಕೇಳುತ್ತಿತ್ತು, ಅನ್ನ ಇಟ್ಟಾಗಿದೆ. ಅಣ್ಣ ಮಾತ್ರ ವಾಪಸು ಬರಲಿಲ್ಲ.

ಆಗ ನನಗೆ ಆದದ್ದನ್ನು ಹೇಗೆ ಬರೆಯಲಿ ಅತ್ತಿಗೆ. ಒಳಗಿರುವುದು ಬರೀ ಟೀ, ಹೆದರುವುದಕ್ಕೆ ಏನೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅವನು ಆ ಬಾಟ್ಲಿ ಎತ್ತಿದರೆ ಅದು ಟೀ ಎಂದು ತಿಳಿದು ಎತ್ತುವುದಿಲ್ಲವಲ್ಲ. ಎತ್ತಿದನೆಂದು ನನಗೆ ಗೊತ್ತಾಗುತ್ತದೆ, ನನಗೆ ಗೊತ್ತಾಯಿತೆಂದು ಅವನಿಗೂ ಗೊತ್ತಾಗುತ್ತದೆ. ನನ್ನ ಒಡಹುಟ್ಟಿದವನಿಗೆ ನಾನೇ ಬೋನು ಇಟ್ಟ ಹಾಗಾಯಿತು. ಎದ್ದು ಬಾಗಿಲ ಕಡೆಗೆ ಹೋದೆ. ಹಿರಿಯರು ಉಣ್ಣುವಾಗ ಹೆಣ್ಣುಮಗಳು ಬಾಗಿಲು ತೆಗೆಯುವುದುಂಟೇ ಎಂದು ಚಿಕ್ಕಪ್ಪ ಗದರಿದ. ಅವ್ವ ಅಲುಗಾಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಸುಮ್ಮನೆ ಕುಳಿತುಕೊ ಎಂದಳು. ಕುಳಿತೆ. ಹಿತ್ತಿಲ ಕಡೆಗೆ ಓಡಬಹುದಿತ್ತು, ಓಡಲಿಲ್ಲ. ಹೋಗಿ ನೋಡಲು ಭಯವಾಯಿತು, ಅಷ್ಟೇ ಕಾರಣ.

ಬಾಗಿಲು ಒಳಗಿನಿಂದ ತೆರೆಯಿತು. ಅವ್ವ ಹಿಂದಕ್ಕೆ ಬೀಳುವವಳು ಹೊಸಿಲು ಹಿಡಿದುಕೊಂಡಳು. ಅಣ್ಣ ನಿಂತಿದ್ದ. ಕೈಯಲ್ಲಿ ಬಾಟ್ಲಿ, ಅರ್ಧ ಖಾಲಿ. ಅಂಗಿಯ ಎದೆಯೆಲ್ಲ ಒದ್ದೆ. ಎಲ್ಲರನ್ನೂ ಬಿಟ್ಟು ನನ್ನನ್ನೇ ನೋಡಿದ.

"ಭದ್ರಿ, ಇದು ನಿನ್ ಕೆಲ್ಸ ತಾನೆ?" ಎಂದ. ನಾನು ಹೌದೆಂದು ತಲೆ ಆಡಿಸಿದೆ. "ಟೀ ಅಂತ ಗೊತ್ತಾಯ್ತು. ಗೊತ್ತಾದ್ಮೇಲೂ ಇನ್ನೊಂದು ಗುಟುಕು ಕುಡ್ದೆ ಕಣೆ. ತಳದಾಗಾದ್ರೂ ಒಸಿ ಇರ್ಬೋದೇನೋ ಅಂತ."

ಚಿಕ್ಕಪ್ಪ ದೊಡ್ಡದಾಗಿ ನಕ್ಕುಬಿಟ್ಟ. ಟೀ ಕುಡಿದವನು ಕುಡುಕ ಹೇಗಾಗುತ್ತಾನೆ, ಏಳಿ ಉಣ್ಣೋಣ ಎಂದ. ಅವ್ವನೂ ಕಣ್ಣು ಒರೆಸಿಕೊಂಡು, ಏನೂ ಆಗಿಲ್ಲ, ದೇವರು ದೊಡ್ಡವನು, ಎಲೆ ಹಾಕು ಭದ್ರಿ ಎಂದಳು. ನಾನೂ ಎಲೆ ತರಲು ಹೊರಟೆ. ನಿಜ ಹೇಳುತ್ತೇನೆ, ಏನೂ ಆಗಿಲ್ಲ ಎನ್ನುವ ಮಾತು ಕೇಳಿ ನನಗೂ ಜೀವ ಬಂದ ಹಾಗಾಗಿತ್ತು. ಆದರೆ ಅಣ್ಣ ಬಾಗಿಲಲ್ಲೇ ಅಡ್ಡ ನಿಂತ.

"ಆಗೈತೆ ಕಣವ್ವ," ಎಂದ. "ಅದು ಟೀ ಆಗಿದ್ದು ಇವಳ ಪುಣ್ಯ. ಕುಡ್ದಿದ್ದು ನಾನು."

ಉಣ್ಣಲಿಲ್ಲ. ಬೇರೆ ಅಂಗಿ ಹಾಕಿಕೊಂಡು, ನನ್ನ ಜೊತೆ ಬಾ, ಆಸ್ಪತ್ರೆಗೆ ಬಿಡು ಎಂದ. ಹಬ್ಬದ ದಿನ ಮನೆಮಗ ಎಡೆ ಎದುರಿನಿಂದ ಎದ್ದು ಹೋಗಬಾರದೆಂದು ಅವ್ವ ಬಾಗಿಲಿಗೆ ಕೈ ಅಡ್ಡ ಹಿಡಿದಳು. ಅವನು ಆ ಕೈಯನ್ನು ಮೆಲ್ಲಗೆ ಸರಿಸಿ ಹೊರಗೆ ಬಂದ.

ಬಸ್ ಸ್ಟಾಪಿನ ತನಕದ ಆ ದಾರಿ ನನ್ನ ವೈರಿಗೂ ಬೇಡ. ಬ್ರಾಂದಿ ಅಂಗಡಿ ಆ ದಾರಿಯಲ್ಲೇ ಇದೆಯಲ್ಲ. ಹಬ್ಬವೆಂದು ಅದರ ಮುಂದೆ ಜನ ಜಾತ್ರೆಯ ಹಾಗೆ ಸೇರಿದ್ದರು. ಅಣ್ಣನ ಹೆಜ್ಜೆ ನಿಧಾನವಾಯಿತು. ಅವನ ಫ್ಯಾಕ್ಟರಿಯ ನಲ್ಲಪ್ಪ ಒಳಗಿನಿಂದಲೇ ನೋಡಿ, ಬಾ ಗುರು, ಹಬ್ಬದ ದಿನ ಏನಿದು ಒಣಗಿಕೊಂಡು ಹೊರಟಿದ್ದೀಯ ಎಂದು ಕರೆದ. ಅಣ್ಣ ನಿಂತೇ ಬಿಟ್ಟ. ನಾನು ಏನು ಹೇಳಬೇಕೆಂದು ಹುಡುಕುತ್ತಿದ್ದೆ, ಪುಟ್ಟಿಯ ಹೆಸರು ಹೇಳಲೇ, ನಿನ್ನ ಹೆಸರು ಹೇಳಲೇ ಎಂದು. ಅಷ್ಟರಲ್ಲಿ ಅವನೇ, ನನ್ನ ಕೈ ಹಿಡಿದುಕೊ ಭದ್ರಿ, ಬಿಡಬೇಡ ಎಂದ. ನಡುರಸ್ತೆಯಲ್ಲಿ, ಊರವರೆಲ್ಲ ನೋಡುತ್ತಿದ್ದಂತೆ, ಬೆಳೆದ ಅಣ್ಣನ ಕೈ ಹಿಡಿದು ಎಳೆದುಕೊಂಡು ಹೋದೆ. ಅವನ ಅಂಗೈ ಬೆವರಿ ಜಾರುತ್ತಿತ್ತು. ಬಸ್ಸಿನಲ್ಲಿ ಕುಳಿತ ಮೇಲೂ ನಾನು ಬಿಡಲಿಲ್ಲ, ಕಂಡಕ್ಟರ್ ಒಂಥರಾ ನೋಡಿದ, ನೋಡಿಕೊಳ್ಳಲಿ ಎಂದುಕೊಂಡೆ.

ಆಸ್ಪತ್ರೆಯಲ್ಲಿ ಆ ಮೀಸೆ ಬಾರದ ಡಾಕ್ಟರೇ ಇದ್ದರು. ಬೈಯುತ್ತಾರೆಂದು ನಾನು ಹೆದರಿದ್ದೆ. ಅವರು ಅಣ್ಣನನ್ನು ಕೂರಿಸಿ, ಎಡವಿದ ದಿನವೇ ಬಂದಿರಲ್ಲ, ಅದು ದೊಡ್ಡದು ಎಂದರು. ಆಣೆ ಹಾಕಿದ ಮೇಲೆ ಆಸೆ ಸಾಯುವುದಿಲ್ಲ, ಆಸೆ ಬಂದಾಗ ಬಾಯಿ ಬಿಟ್ಟು ಹೇಳಲು ಒಬ್ಬರು ಬೇಕು, ಈ ಕಾಯಿಲೆಗೆ ಅದೇ ಔಷಧಿ ಎಂದು ನನಗೂ ಹೇಳಿದರು. ಕುಡಿತ ಬಿಟ್ಟವರೇ ಸೇರಿಕೊಂಡು ಮಾತಾಡುವ ಒಂದು ಕೂಟ ಅಲ್ಲಿ ನಡೆಯುತ್ತದಂತೆ, ಮನೆಯವರೂ ಬಂದು ಕೂರಬಹುದಂತೆ. ಅಣ್ಣನನ್ನು ಮತ್ತೆ ಸೇರಿಸಿಕೊಂಡಿದ್ದಾರೆ. ಗುಣವಾಗಿ ಬಿಡುತ್ತದೆಯೇ ಎಂದು ಕೇಳಿದ್ದಕ್ಕೆ ಅವರು ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ನಾನು ಹೊರಡುವಾಗ ಅಣ್ಣ ಹೇಳಿದ್ದು ಇಷ್ಟು. ಅಂಜನಿಗೆ ಬರೆಯುವಾಗ ಟೀ ಕುಡಿದ ಎಂದು ಬರೆಯಬೇಡ, ಕುಡಿದ ಎಂದೇ ಬರಿ. ಬಾ ಎಂದೂ ಬರೆಯಬೇಡ, ಕರೆಯುವ ಯೋಗ್ಯತೆ ಬಂದ ದಿನ ನಾನೇ ಹೋಗಿ ಕೇಳುತ್ತೇನೆ.

ಅವ್ವನಿಗೆ ನೀನು ಈಗಲೇ ಬರಬೇಕು, ಯಾಕೆಂದರೆ ವಿಜಯದಶಮಿ ಆದ ಮೇಲೆ ನನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ. ಸೊಸೆ ಎಲ್ಲಿ, ಮಗ ಎಲ್ಲಿ ಎಂದು ಕೇಳಿದರೆ ಏನು ಹೇಳುವುದು ಎಂಬುದು ಅವಳ ಚಿಂತೆ. ನಾನು ಹೇಳುತ್ತೇನೆ ಬಿಡು, ಅಣ್ಣ ಕುಡಿತದ ಕಾಯಿಲೆಗೆ ಆಸ್ಪತ್ರೆಯಲ್ಲಿದ್ದಾನೆ, ಅತ್ತಿಗೆ ಮಗುವನ್ನು ಉಳಿಸಿಕೊಳ್ಳಲು ಮಾಕಳಿಯಲ್ಲಿದ್ದಾಳೆ ಎಂದು. ಆಮೇಲೂ ಕುಳಿತು ಉಪ್ಪಿಟ್ಟು ತಿನ್ನುವವನು ಯಾರಾದರೂ ಇದ್ದರೆ ಅವನ ಮುಖವನ್ನು ಸರಿಯಾಗಿ ನೋಡುತ್ತೇನೆ. ನನ್ನ ಮದುವೆಗಾಗಿ ನೀನು ಪುಟ್ಟಿಯನ್ನು ಈ ಮನೆಗೆ ತರಬೇಡ.

ನಿನ್ನನ್ನು ನೋಡದೆ ನನಗೆ ಬೇಜಾರು. ಅದೂ ನಿಜವೇ. ಅಣ್ಣನಿಗೆ ಎರಡು ಸಾಲು ಬರೆಯುವ ಮನಸ್ಸಿದ್ದರೆ ಆಸ್ಪತ್ರೆಯ ವಿಳಾಸ ಕವರಿನ ಹಿಂದೆ ಬರೆದಿದ್ದೇನೆ. ಮನಸ್ಸಿಲ್ಲದಿದ್ದರೆ ಬೇಡ, ಯಾರ ಬಲವಂತವೂ ಇಲ್ಲ.

ನಿನ್ನ ಪ್ರೀತಿಯ ನಾದಿನಿ,
ಭದ್ರಮ್ಮ

ತಾ.ಕ.: ಅತ್ತಿಗೆ, ಕಾಗದ ಮಡಿಸುತ್ತಿದ್ದೆ. ಅವ್ವ ಮೊರ ಕೆಳಗಿಟ್ಟು, ಬಾ ಅನ್ನುವುದಕ್ಕೆ ಇಷ್ಟು ಹಾಳೆ ಬೇಕೇ ಎಂದಳು. ಓದು ಎಂದಳು. ಬೇರೇನಾದರೂ ಓದಿಬಿಡಬಹುದಿತ್ತು, ಆಗಲಿಲ್ಲ. ಬರೆದದ್ದನ್ನೇ ಮೊದಲಿನಿಂದ ಓದಿದೆ. ಕಿರುಚುತ್ತಾಳೆ ಎಂದುಕೊಂಡಿದ್ದೆ. ಮೊರದ ರಾಗಿಯಲ್ಲಿ ಕೈಯಾಡಿಸಿದಳು. ಆಮೇಲೆ, ಅವಳು ಈಗ ಬರುವುದು ಬೇಡ ಎಂದು ನಾನೇ ಹೇಳಿದೆನೆಂದು ಬರಿ ಎಂದಳು. ಮುಂದಿನದನ್ನು ಅವಳ ಬಾಯಿಂದ ಬಂದ ಹಾಗೆಯೇ ಬರೆಯುತ್ತಿದ್ದೇನೆ:

"ಬಾಗ್ಲಿಗೆ ಒರಗಿ ಕುಂತಿದ್ನಲ್ಲ, ಒಳಗೆ ಗುಟುಕು ಹಾಕೋ ಸದ್ದು ನಂಗೆ ಕೇಳುಸ್ತು. ನನ್ ಗಂಡ ಬಂದವ್ರೆ, ಅವ್ರೇ ಕುಡೀತಾವ್ರೆ ಅಂದ್ಕೊಂಡು ಸುಮ್ಕಿದ್ದೆ. ಆಮ್ಯಾಕೆ ಕೆಮ್ಮಿದ್ದೂ ಕೇಳುಸ್ತು. ಸತ್ತೋರು ಕೆಮ್ಮಲ್ಲ ಕಣೆ. ಆಗ್ಲೂ ನಾನು ಏಳ್ಲಿಲ್ಲ."